ಅವ್ವನ ಥೈರಾಯ್ಡಿಗೆ ಏಳು ಕಾಲಂ

ಜನವರಿ ೬, ಸೋಮವಾರ, ಬೆಳಗ್ಗೆ ೯:೫೦. ಈ ಸಂಗತಿ ಶುರುವಾದದ್ದು ಆಗ. ನಾನು ಮಚ್ಛೆಯ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಅಳೆಯುತ್ತ ನಿಂತಿದ್ದೆ. ಅವ್ವನ ಫೋನ್ ಬಂತು.

“ನಾ ಹಲಸಿಗೆ ಬಂದೇನಿ,” ಅಂದಳು.

“ಹಲಸಿಗೆ ಯಾಕ?”

“ನನಗೇನ ಗೊತ್ತು? ಕಣ್ಣ ತೆರದಾಗ ಹಲಸಿ ಬಂದಿತ್ತು.”

ಅವ್ವ ಖಾನಾಪುರದ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿ. ದಿನಾ ಬೆಳಗ್ಗೆ ಎಂಟರ ಬಸ್ಸಿಗೆ ಇಬ್ಬರೂ ಕೂಡಿ ಹತ್ತುತ್ತೇವೆ. ಪೀರನವಾಡಿ ದಾಟಿ ಮಚ್ಛೆಯಲ್ಲಿ ನಾನು ಇಳಿಯುತ್ತೇನೆ, ಅವಳು ಖಾನಾಪುರಕ್ಕೆ ಹೋಗುತ್ತಾಳೆ. ಅವತ್ತಿನ ಬಸ್ಸು ಹಲಸಿಯದು. ನಾನು ಇಳಿದ ಮೇಲೆ ಅವಳಿಗೆ ನಿದ್ದೆ ಹತ್ತಿದೆ. ಖಾನಾಪುರ ಬಂದು ಹೋದದ್ದು ಗೊತ್ತೇ ಆಗಿಲ್ಲ. ಹಲಸಿಯ ಹಳೆಯ ಗುಡಿಗಳನ್ನು ಒಮ್ಮೆ ನೋಡಬೇಕು ಎಂದು ಅವಳು ಹದಿನೈದು ವರ್ಷದಿಂದ ಹೇಳುತ್ತಿದ್ದಳು. ಕೊನೆಗೆ ಹೋದಾಗ, ಗುಡಿಗೆ ಬೆನ್ನು ಹಾಕಿ, ಅದೇ ಬಸ್ಸಿನಲ್ಲಿ ತಿರುಗಿ ಬಂದು ಹಾಜರಿ ಹಾಕಿದಳು.

ಡೈರಿಯ ಹಿಂದಿನ ಪುಟಗಳನ್ನು ತೆಗೆದು ನೋಡಿದೆ. ನನಗೆ ಹತ್ತನೆಯ ತರಗತಿಯಿಂದ ಡೈರಿ ಬರೆಯುವ ರೂಢಿ. ಡಿಸೆಂಬರ್ ತಿಂಗಳಲ್ಲಿ “ಅವ್ವ ಕುಂತಲ್ಲೇ ತೂಕಡಿಸಿದಳು” ಎಂದು ಒಂಬತ್ತು ಸಲ ಬರೆದಿದ್ದೆ. “ಅವ್ವನಿಗೆ ಚಳಿ, ಎರಡು ಸ್ವೆಟರ್” ಎಂದು ಆರು ಸಲ. “ಕೂದಲು ಉದುರುತ್ತವೆ ಅಂದಳು” ಎಂದು ನಾಲ್ಕು ಸಲ. ಎಲ್ಲವನ್ನೂ ಬರೆದಿಟ್ಟವಳಿಗೆ ಒಂದರ ಪಕ್ಕ ಒಂದು ಇಟ್ಟು ನೋಡುವುದು ಹೊಳೆದಿರಲಿಲ್ಲ. ಡಾಕ್ಟರಿಗೆ ಹೊಳೆಯಿತು. ಅವರು ರಕ್ತ ತೆಗೆಸಿದರು. ಟಿಎಸ್‌ಎಚ್ ೧೧.೨ ಬಂತು; ನಾಲ್ಕೂವರೆಯ ಒಳಗಿರಬೇಕಿತ್ತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ, ಅದನ್ನು ಎಬ್ಬಿಸಲು ಮಿದುಳು ಮೇಲಿಂದ ಮೇಲೆ ಕೂಗುತ್ತಿದೆ, ಆ ಕೂಗಿನ ಲೆಕ್ಕವೇ ಈ ನಂಬರು ಎಂದು ಡಾಕ್ಟರು ಸಲೀಸಾಗಿ ತಿಳಿಸಿ ಹೇಳಿದರು.

“ಅಂದ್ರ ನನ್ನಂಗ ಒಂದ ಟೀಚರ್ ಐತಿ ಅನ್ರಿ ಒಳಗ,” ಅಂದಳು ಅವ್ವ. “ಒದರತೈತಿ, ಯಾರೂ ಕೇಳೂದಿಲ್ಲ.”

ಐವತ್ತು ಮೈಕ್ರೋಗ್ರಾಮಿನ ಗುಳಿಗೆ ಬರೆದರು. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಆಮೇಲೆ ಒಂದು ತಾಸು ಚಹಾ ಇಲ್ಲ, ತಿಂಡಿ ಇಲ್ಲ. ಆರೆಂಟು ವಾರ ಬಿಟ್ಟು ಮತ್ತೆ ರಕ್ತ. ಇಷ್ಟೇ. ಊಟದ ಬಗ್ಗೆ ಕೇಳಿದ್ದಕ್ಕೆ “ಮನಿಯಾಗ ಮಾಡಿದ್ದ ಎಲ್ಲಾ ಊಟ ಮಾಡ್ರಿ” ಅಂದರು. ಇದು ನನಗೆ ಅಪೂರ್ಣ ಅನ್ನಿಸಿತು. ಇಷ್ಟು ಹೇಳಲು ಇಷ್ಟು ದೊಡ್ಡ ಡಾಕ್ಟರು ಯಾಕೆ ಬೇಕು ಎಂದುಕೊಂಡು, ಉಳಿದದ್ದನ್ನು ನಾನೇ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡೆ. ಜನವರಿ ೯ ಮತ್ತು ೧೦ರ ನಡುವೆ ಇಪ್ಪತ್ತಮೂರು ವೀಡಿಯೊ ನೋಡಿದೆ. ಅವುಗಳಲ್ಲಿ ಹನ್ನೊಂದು ಒಂದನ್ನೊಂದು ಅಲ್ಲಗಳೆಯುತ್ತಿದ್ದವು. ಹೀಗಾಗಿ ಎಲ್ಲವನ್ನೂ ಪಾಲಿಸುವುದೇ ಸುರಕ್ಷಿತ ಎಂದು ನಿರ್ಧರಿಸಿದೆ.

ಹೊಸ ನೋಟ್‌ಬುಕ್ಕಿನಲ್ಲಿ ಏಳು ಕಾಲಂ ಗೆರೆ ಹಾಕಿದೆ: ಗುಳಿಗೆ, ಖಾಲಿ ಹೊಟ್ಟೆ, ಚಹಾದ ಸಮಯ, ನಡಿಗೆ, ನಿದ್ದೆ, ತೂಕ, ಕೊನೆಯದು ನಿಷಿದ್ಧ ಪದಾರ್ಥ. ನಿಷಿದ್ಧದಲ್ಲಿ ಎಲೆಕೋಸು, ಹೂಕೋಸು, ಮೂಲಂಗಿ, ಸೋಯಾ, ಸಜ್ಜಿ ರೊಟ್ಟಿ ಇದ್ದವು. ಇವುಗಳಿಗೆ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಜನವರಿ ೧೯ರಂದು ನಾನು ಶೇಂಗಾ ಸೇರಿಸಿದೆ.

ಶಹಾಪುರದ ಮನೆಯಲ್ಲಿ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಮುರಿಯುವುದು ಎಂದರೇನೆಂದು ಓದುವವರಿಗೆ ಹೇಳಬೇಕಾಗಿಲ್ಲ. ಅಪ್ಪನಿಗೆ ಥೈರಾಯ್ಡ್ ಇಲ್ಲ. ಆದರೆ ಮನೆಯಲ್ಲಿ ಆ ಚಟ್ನಿಪುಡಿಯ ಡಬ್ಬಿ ಇದ್ದರೆ ಅವ್ವನ ಕೈ ಅತ್ತ ಹೋಗುತ್ತದೆ ಎಂದು ನಾನು ಡಬ್ಬಿಯನ್ನೇ ಖಾಲಿ ಮಾಡಿ ಪಕ್ಕದ ಮನೆಗೆ ಕೊಟ್ಟೆ.

“ರೋಗ ಯಾರಿಗೆ, ಶಿಕ್ಷಾ ಯಾರಿಗೆ?” ಅಂದರು ಅಪ್ಪ.

“ಅವ್ವನ ಸಲುವಾಗಿ, ಅಪ್ಪಾ.”

“ನಿಮ್ಮವ್ವನ ಸಲುವಾಗಿ ಮೂವತ್ತು ವರ್ಷದಿಂದ ಎಲ್ಲಾ ಬಿಟ್ಟೇನಿ. ಇದೊಂದ ಉಳಿದಿತ್ತು.”

ಅವತ್ತಿನಿಂದ ಅಪ್ಪ ದಿನಾ ಸಂಜೆ ಪಕ್ಕದ ಮನೆಗೆ ಪೇಪರ್ ಓದಲು ಹೋಗತೊಡಗಿದರು. ನಮ್ಮ ಮನೆಗೂ ಅದೇ ಪೇಪರ್ ಬರುತ್ತದೆ.

ಒಂದು ವೀಡಿಯೊದಲ್ಲಿ ಬ್ರೆಜಿಲ್ ನಟ್ ದಿನಕ್ಕೆರಡು ತಿನ್ನಬೇಕು ಎಂದಿದ್ದರು. ಖಡೇಬಜಾರಿನ ಒಂದು ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಬಾದಾಮಿಯ ಡಬ್ಬಿ ಮುಂದೆ ಸರಿಸಿ, “ಬ್ರೆಜಿಲ್ ಇಲ್ರಿ ಅಕ್ಕಾರ, ಕ್ಯಾಲಿಫೋರ್ನಿಯಾ ಐತಿ. ನಡೀತೈತೇನ್ರಿ?” ಅಂದರು. ನಡೆಯಿತು. ಇನ್ನೊಂದು ವೀಡಿಯೊದಲ್ಲಿ ಐವತ್ತು ದಾಟಿದ ಹೆಂಗಸರಿಗೆ ಹಾಲು ಹೆಚ್ಚು ಬೇಕು ಎಂದಿದ್ದರು. ಫೆಬ್ರುವರಿ ೨ರಿಂದ ಪ್ಯಾಕೆಟ್ ಹಾಲು ಬಿಡಿಸಿ, ಪೀರನವಾಡಿಯಿಂದ ಬರುವ ಗವಳಿಯ ಗಟ್ಟಿ ಎಮ್ಮೆ ಹಾಲು ಹಚ್ಚಿಸಿದೆ. ಸಂಜೆ ಶಾಲೆಯಿಂದ ಬಂದವಳನ್ನು ಕುಳಿತುಕೊಳ್ಳಲು ಬಿಡದೆ ನಲವತ್ತು ನಿಮಿಷ ನಡೆಸುತ್ತಿದ್ದೆ. ನಡೆಯುವಾಗಲೂ ಅವಳು ಆಕಳಿಸುತ್ತಿದ್ದಳು. ಆಕಳಿಕೆಗೆ ಕಾಲಂ ಇರಲಿಲ್ಲ.

ಚಹಾದ ಕಾಲಮ್ಮಿನ ಬಗ್ಗೆ ಮಾತ್ರ ನನಗೆ ಹೆಮ್ಮೆ ಇತ್ತು. ಅವ್ವ ಗುಳಿಗೆ ತಗೊಂಡೆ ಎಂದು ಪೂಜೆಯ ಕೋಣೆಯಿಂದ ಕೂಗಿ ಹೇಳಿದ ಕೂಡಲೆ ನಾನು ಮೊಬೈಲಿನಲ್ಲಿ ಅರವತ್ತು ನಿಮಿಷದ ಅಲಾರಂ ಇಡುತ್ತಿದ್ದೆ. ಐವತ್ತೆಂಟನೆಯ ನಿಮಿಷಕ್ಕೆ ಅವಳು ಕಪ್ಪಿಗೆ ಕೈ ಚಾಚಿದರೆ ಕಪ್ಪು ಸರಿಸುತ್ತಿದ್ದೆ.

“ನಿನ್ನ ಲಗ್ನ ಆಗೂವನಿಗೆ ಈಗ ಹೇಳಿ ಇಡಬೇಕು,” ಎನ್ನುತ್ತಿದ್ದಳು.

ಮಾರ್ಚ್ ೮, ಶನಿವಾರ. ಐವತ್ತೆಂಟು ದಿನದ ನಂತರ ಎರಡನೆಯ ರಕ್ತಪರೀಕ್ಷೆ: ೧೦.೬. ಡಾಕ್ಟರು ಗುಳಿಗೆಯನ್ನು ಎಪ್ಪತ್ತೈದಕ್ಕೆ ಏರಿಸಿದರು. ನಾನು ನಿಷಿದ್ಧದ ಪಟ್ಟಿಗೆ ಪಾಲಕ್ ಸೇರಿಸಿದೆ.

ಮಾರ್ಚ್ ೧೨, ಬುಧವಾರ. ಇದನ್ನು ಅವ್ವ ನನಗೆ ಹೇಳಿದ್ದು ಎರಡು ದಿನ ತಡವಾಗಿ. ಮಧ್ಯಾಹ್ನ ಊಟದ ನಂತರ, ಮೂರನೆಯ ತರಗತಿಗೆ ಗುಣಾಕಾರದ ಲೆಕ್ಕ ಕೊಟ್ಟು ಕುರ್ಚಿಯ ಮೇಲೆ ಕುಳಿತವಳು ಹಾಗೇ ನಿದ್ದೆ ಹೋದಳು. ಮಕ್ಕಳು ಎಬ್ಬಿಸಲಿಲ್ಲ. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ಮರಾಠಿ. ಒಬ್ಬಳು ಹುಡುಗಿ ಬಾಯಿಯ ಮೇಲೆ ಬೆರಳಿಟ್ಟು “ಬಾಈ ಝೋಪಲ್ಯಾ” ಎಂದು, ಅಂದರೆ ಟೀಚರ್ ಮಲಗಿದ್ದಾರೆ ಎಂದು, ಬೆಂಚಿನಿಂದ ಬೆಂಚಿಗೆ ಸುದ್ದಿ ದಾಟಿಸಿದಳು. ಇಪ್ಪತ್ತೆಂಟು ಮಕ್ಕಳು ಇಪ್ಪತ್ತು ನಿಮಿಷ ಉಸಿರು ಹಿಡಿದು ಕುಳಿತರು. ಕಾರಿಡಾರಿನಲ್ಲಿ ಹಾದುಹೋದ ಹೆಡ್‌ಮಾಸ್ತರರು ಅಷ್ಟು ನಿಶ್ಶಬ್ದವನ್ನು ಆ ಶಾಲೆಯಲ್ಲಿ ಹಿಂದೆಂದೂ ಕೇಳಿರಲಿಲ್ಲವಂತೆ. ಒಳಗೆ ಇಣುಕದೆ ಮುಂದೆ ಹೋಗಿ, ಸಂಜೆಯ ಸಭೆಯಲ್ಲಿ, “ಶಿಸ್ತು ಅಂದ್ರ ಮೂರನೇ ಕ್ಲಾಸ ನೋಡಿ ಕಲೀರಿ” ಎಂದು ಎಲ್ಲ ಶಿಕ್ಷಕರ ಎದುರು ಅವ್ವನನ್ನು ಹೊಗಳಿದರು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹೊಗಳಿಕೆ ತಡೆಯಲಾಗಲಿಲ್ಲ. ಮಾರ್ಚ್ ೧೪ರಂದು ಸ್ವಯಂ ನಿವೃತ್ತಿಯ ಅರ್ಜಿಯನ್ನು ತನ್ನ ಚಂದದ ಅಕ್ಷರದಲ್ಲಿ ಬರೆದಳು. ವಯೋನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

“ಬೇಸಿಗಿ ಸೂಟಿ ಮುಗಿದು ಸಾಲಿ ತೆರೆಯೂತನಕ ನೋಡತೇನಿ,” ಅಂದಳು. “ರಕ್ತ ಸುದ್ದ ಆಗಲಿಲ್ಲಂದ್ರ ಮೊದಲನೇ ದಿವಸನ ಇದನ್ನ ಕೊಟ್ಟ ಬರತೇನಿ. ನಿದ್ದಿ ಮಾಡಾಕ ಪಗಾರ ತಗೋಳೂದು ನನಗ ಆಗೂದಿಲ್ಲ.”

ಅವಳಿಗೆ ಆ ಕೆಲಸ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಕಾರಣವಿಲ್ಲದೆ ರಜೆ ಹಾಕಿದ್ದಿಲ್ಲ. ಆದ್ದರಿಂದ ನಾನು ಇನ್ನಷ್ಟು ಬಿಗಿಯಾದೆ. ಸಂಜೆಯ ನಡಿಗೆ ಐವತ್ತು ನಿಮಿಷವಾಯಿತು. ಉಪ್ಪಿನ ಡಬ್ಬಿಯಲ್ಲಿ ಸೈಂಧವ ಲವಣ ಬಂತು, ಯಾಕೆಂದರೆ ಅದು ಗುಲಾಬಿ ಬಣ್ಣದ್ದು, ನೈಸರ್ಗಿಕ. ಸಾಮಾನ್ಯ ಪ್ಯಾಕೆಟ್ ಉಪ್ಪಿಗೆ ಅಯೋಡಿನ್ ಸೇರಿಸುವುದೇ ಈ ಗ್ರಂಥಿಗಾಗಿ, ನಾನು ಮನೆಯಿಂದ ಹೊರಗೆ ಹಾಕಿದ್ದು ಅದನ್ನೇ ಎಂದು ತಿಳಿದದ್ದು ಆಮೇಲೆ.

ಏಪ್ರಿಲ್ ೧೯, ಶನಿವಾರ. ಮೂರನೆಯ ಪರೀಕ್ಷೆ: ೯.೯.

ಡಾಕ್ಟರು ಹಣೆ ಗಂಟು ಹಾಕಿ, “ಗುಳಿಗಿ ಬರೋಬರಿ ತಗೋತೀರಲ್ರಿ ಟೀಚರ್ರ? ತಪ್ಪಿಸಿಲ್ಲಲ್ಲ?” ಎಂದು ಕೇಳಿದರು. ಅವ್ವ ಬಾಯಿ ತೆರೆಯುವ ಮೊದಲೇ ನಾನು ನೋಟ್‌ಬುಕ್ ಮೇಜಿನ ಮೇಲೆ ತೆರೆದಿಟ್ಟೆ. ನೂರು ದಿನ. ಗುಳಿಗೆಯ ಕಾಲಮ್ಮಿನಲ್ಲಿ ನೂರು ಟಿಕ್. ಖಾಲಿ ಹೊಟ್ಟೆಯ ಕಾಲಮ್ಮಿನಲ್ಲಿ ನೂರು ಟಿಕ್. ಚಹಾ ಒಂದು ತಾಸಿನೊಳಗೆ ಕುಡಿದದ್ದು ಸೊನ್ನೆ ಸಲ. ಡಾಕ್ಟರು ಪುಟ ತಿರುವಿದರು. ಮತ್ತೆ ತಿರುವಿದರು.

“ಇಷ್ಟ ಶಿಸ್ತ ನಾ ಎಲ್ಲೂ ನೋಡಿಲ್ರಿ,” ಅಂದರು.

ಅವ್ವ ತಲೆ ಬಗ್ಗಿಸಿದಳು. ನಲವತ್ತು ದಿನದೊಳಗೆ ಶಿಸ್ತಿಗೆ ಸಿಕ್ಕ ಎರಡನೆಯ ಹೊಗಳಿಕೆ ಅದು. ಡಾಕ್ಟರು ಇನ್ನೇನೂ ಕೇಳಲಿಲ್ಲ. ಕೇಳುವಂಥದ್ದೇನನ್ನೂ ನನ್ನ ನೋಟ್‌ಬುಕ್ ಉಳಿಸಿರಲಿಲ್ಲ. ಗುಳಿಗೆಯನ್ನು ನೂರಕ್ಕೆ ಏರಿಸಿ ಬರೆದುಕೊಟ್ಟರು. ಸೋಮವಾರದಿಂದ ಶುರು ಮಾಡಲು ಹೇಳಿದರು.

ಅದೇ ಸಂಜೆ ನಾವಿಬ್ಬರೂ ಖಾನಾಪುರದ ದೊಡ್ಡವ್ವನ ಮನೆಗೆ ಹೋದೆವು. ದೊಡ್ಡವ್ವ ಅವ್ವನ ಅಕ್ಕ. ಆಕೆಗೂ ಇದೇ ರೋಗ, ಹನ್ನೊಂದು ವರ್ಷದಿಂದ. ಆಕೆಯ ಟಿಎಸ್‌ಎಚ್ ಎಷ್ಟೆಂದು ಕೇಳಿದೆ. “ಅದೇನೋ ಮೂರು, ಮೂರೂವರಿ ಇರತೈತಿ,” ಅಂದಳು, ಮನೆಯಲ್ಲಿ ಎಷ್ಟು ಬೆಕ್ಕಿವೆ ಎಂದು ಕೇಳಿದವರಿಗೆ ಹೇಳುವ ಹಾಗೆ. ರಾತ್ರಿಯ ಊಟಕ್ಕೆ ಎಲೆಕೋಸಿನ ಪಲ್ಯ, ಮೂಲಂಗಿ ಪಚಡಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಇತ್ತು. ನನ್ನ ಇಡೀ ಏಳನೆಯ ಕಾಲಂ ಒಂದೇ ತಾಟಿನಲ್ಲಿ ಬಡಿಸಿದ್ದಳು. ಆಕೆ ಹೊಲ, ಎಮ್ಮೆ ಬಿಟ್ಟು ಬೇರೆ ನಡಿಗೆ ಮಾಡಿದವಳಲ್ಲ.

“ಇದನ್ನೆಲ್ಲಾ ನೀ ತಿಂತೀ ಏನು ದೊಡ್ಡವ್ವಾ?”

“ತಿನ್ನದ ಮತ್ತ ಮೈಗೆ ಹಚ್ಕೊಳ್ಳೇನು?”

ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಮೂರು ಚಮಚೆ ಹಿಂಡಿ ಹಾಕಿಸಿಕೊಂಡಳು. ಎಣಿಸಿದೆ.

ಏಪ್ರಿಲ್ ೨೦, ಭಾನುವಾರ, ಬೆಳಗ್ಗೆ ೬:೨೫. ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಾವು ಲಿಂಗಾಯತರು. ಅವ್ವ ಜಳಕ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಬಾಯಿಗೆ ಏನು ಹೋಗುವುದಿದ್ದರೂ ಮೊದಲು ಲಿಂಗಕ್ಕೆ ತೋರಿಸಿ, ಅದು ಪ್ರಸಾದವಾದ ಮೇಲೆ. ನಾನು ಇದನ್ನೆಲ್ಲ ಬಿಟ್ಟು ಬಹಳ ದಿನವಾಯಿತು. ಆ ಹೊತ್ತಿಗೆ ನಾನು ಅಡಿಗೆಮನೆಯಲ್ಲಿ ಬಾದಾಮಿ ಸಿಪ್ಪೆ ಸುಲಿಯುತ್ತಿರುತ್ತೇನೆ. ಪೂಜೆಯ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಒಳಗಿಂದ “ತಗೊಂಡೇನಿ” ಎಂಬ ಕೂಗು ಬಂದರೆ ಟಿಕ್.

ದೊಡ್ಡವ್ವನ ಮನೆಯಲ್ಲಿ ಪೂಜೆಗೆ ಬೇರೆ ಕೋಣೆ ಇಲ್ಲ. ಪಡಸಾಲೆಯಲ್ಲೇ ಚಾಪೆ ಹಾಸಿ ಅವ್ವ ಕುಳಿತಿದ್ದಳು. ವಿಭೂತಿ, ಪತ್ರಿ. ಎದುರಿಗೆ ಸಣ್ಣ ತಾಟು. ತಾಟಿನಲ್ಲಿ ಒಂದು ಬೆಳ್ಳಿಯ ಬಟ್ಟಲು ತುಂಬ ಹಾಲು, ಅದರ ಬಾಜು ಥೈರಾಯ್ಡಿನ ಗುಳಿಗೆ. ಅವಳು ಎರಡನ್ನೂ ಲಿಂಗಕ್ಕೆ ತೋರಿಸಿದಳು. ಕಣ್ಣು ಮುಚ್ಚಿದಳು. ಗುಳಿಗೆ ಬಾಯಿಗೆ ಹಾಕಿಕೊಂಡು, ಬಟ್ಟಲೆತ್ತಿ, ಹಾಲನ್ನು ಕುಡಿದಳು. ನನ್ನತ್ತ ತಿರುಗಿ “ತಗೊಂಡೇನಿ” ಅಂದಳು.

ನಾನು ಬಟ್ಟಲಿನತ್ತ ಬೆರಳು ಮಾಡಿದೆ.

“ಅವ್ವಾ. ಹಾಲು.”

“ಏನ ಹಾಲು?”

“ಗುಳಿಗಿ ಹಾಲಿನ ಜೋಡಿ ನುಂಗತೀ ಏನು? ದಿನಾ?”

“ಹಾಲೆಲ್ಲಿ ಕುಡದೇನಿ?” ಅಂದಳು, ನಿಜವಾದ ಆಶ್ಚರ್ಯದಿಂದ. “ಪ್ರಸಾದ ಅದು.”

“ಡಾಕ್ಟರು ಖಾಲಿ ಹೊಟ್ಟಿ ಅಂದಿದ್ದರು!”

“ಖಾಲಿ ಹೊಟ್ಟೀನ ಐತಲ್ಲ! ಎದ್ದ ಮ್ಯಾಲ ಮೊದಲ ಒಳಗ ಹೋಗೂದ ಅದು. ನೀ ಚಹಾ ಬ್ಯಾಡ ಅಂದಿ, ಕುಡದಿಲ್ಲ. ತಿಂಡಿ ಬ್ಯಾಡ ಅಂದಿ, ತಿಂದಿಲ್ಲ. ಪ್ರಸಾದ ಬ್ಯಾಡ ಅಂತ ಯಾವಾಗ ಅಂದಿ?”

ಅಂದಿರಲಿಲ್ಲ. ಹಾಲಿನಲ್ಲಿರುವ ಕ್ಯಾಲ್ಸಿಯಂ ಆ ಗುಳಿಗೆಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಪೂರಾ ಸೇರಲು ಬಿಡುವುದಿಲ್ಲ ಎಂಬುದು ನಾನು ನೋಡಿದ ವೀಡಿಯೊಗಳಲ್ಲಿ ನಾಲ್ಕರಲ್ಲಿ ಇತ್ತು. ಅದಕ್ಕೇ ಹಾಲಿನ ಚಹಾದ ಮೇಲೆ ಅಷ್ಟು ಕಾವಲು ಇಟ್ಟಿದ್ದೆ. ಬಟ್ಟಲನ್ನು ಅಳೆದೆ. ಅರವತ್ತು ಮಿಲಿಲೀಟರ್ ಹಿಡಿಯಿತು. ನೂರು ದಿನಕ್ಕೆ ಆರು ಲೀಟರ್. ಅದರಲ್ಲಿ ಎಪ್ಪತ್ತೇಳು ದಿನದ್ದು ನಾನೇ ಹಚ್ಚಿಸಿದ ಗಟ್ಟಿ ಎಮ್ಮೆ ಹಾಲು. ಕಾರ್ಖಾನೆಯಲ್ಲಿ ಪಂಪಿನ ಭಾಗವೊಂದು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ತೆಗೆದು ಬಾಜು ಇಡುವುದು ನನ್ನ ಕೆಲಸ. ಅಲ್ಲಿ ಯಾರಾದರೂ ಕೋಣೆಯ ಒಳಗಿಂದ “ಬರೋಬರಿ ಐತಿ” ಎಂದು ಕೂಗಿದರೆ ನಾನು ಟಿಕ್ ಹಾಕುವುದಿಲ್ಲ.

ದೊಡ್ಡವ್ವ ಎಮ್ಮೆ ಹಿಂಡಿ, ಬಿಂದಿಗೆ ಹಿಡಿದು ಒಳಗೆ ಬಂದಳು. ಸಂಗತಿ ಕೇಳಿ ಬಿಂದಿಗೆ ಕೆಳಗಿಟ್ಟು ನಕ್ಕಳು.

“ಗುಳಿಗೀನ ನೈವೇದ್ಯ ಮಾಡತೀ ಏನವಾ ತಂಗಿ? ನಾಳೆ ಇಂಜೆಕ್ಷನ್ ಬರೆದು ಕೊಟ್ಟರ ಹ್ಯಾಂಗ ಮಾಡಾಕಿ?”

“ನೀ ಹ್ಯಾಂಗ ತಗೋತಿ, ಹೇಳ ನೋಡೂಣು.”

“ಎದ್ದ ಕೂಡಲೆ, ಜಳಕಕ್ಕಿಂತ ಮೊದಲ, ಒಂದ ತಂಬಿಗಿ ನೀರಿನ ಜೋಡಿ. ಆಮ್ಯಾಲ ಎಮ್ಮಿ, ಆಮ್ಯಾಲ ಜಳಕ, ಆಮ್ಯಾಲ ಪೂಜಿ.”

“ಪೂಜಿಗಿಂತ ಮೊದಲ ನೀರು?” ಅವ್ವನ ದನಿ ಏರಿತು. “ನಮ್ಮಪ್ಪಗ ಗೊತ್ತಿದ್ದರ ಮನಿಯಾಗ ಇಟಗೋತಿದ್ದಿಲ್ಲ ನಿನ್ನ.”

“ಜಳಕಾ ಮಾಡೂತನಕ ನಾ ಇನ್ನಾ ನಿನ್ನಿ ದಿವಸದಾಕಿ,” ಅಂದಳು ದೊಡ್ಡವ್ವ. “ನಿನ್ನಿ ಲೆಕ್ಕದಾಗ ಹೋತದು ಗುಳಿಗಿ.”

ಹನ್ನೊಂದು ವರ್ಷ ದೊಡ್ಡವ್ವನ ಥೈರಾಯ್ಡನ್ನು ಹದದಲ್ಲಿಟ್ಟದ್ದು ಈ ತರ್ಕ. ನನಗೆ ಬಹಳ ಹಿಡಿಸಿತು. ಅವ್ವನಿಗೆ ಹಿಡಿಸಲಿಲ್ಲ. ನಲವತ್ತು ವರ್ಷ ನಡೆಸಿಕೊಂಡು ಬಂದದ್ದನ್ನು ಒಂದು ಗುಳಿಗೆಗಾಗಿ ಬಿಡುವುದಿಲ್ಲ ಎಂದಳು. ಹಾಗಾದರೆ ಪ್ರಸಾದವನ್ನು ಒಂದು ತಾಸು ತಡೆದು ತಗೋ ಎಂದೆ. ಪ್ರಸಾದವನ್ನು ಮುಂದಿಟ್ಟುಕೊಂಡು ಗಡಿಯಾರ ನೋಡುತ್ತ ಕೂರುವುದು ಯಾವ ಭಕ್ತಿ ಎಂದು ಕೇಳಿದಳು. ಅವಳು ಎದ್ದು ಹೋಗಿ ಬಟ್ಟಲು ತೊಳೆದಳು. ತೊಳೆಯುತ್ತಲೇ, ಯಾರಿಗೂ ಅಲ್ಲದ ಹಾಗೆ, “ಲಿಂಗಕ್ಕ ಹಾಲ ಬೇಕಂತ ಯಾರ ಹೇಳ್ಯಾರ? ನೀರು ತೋರಸ್ತೇನಿ, ಪತ್ರಿ ಏರಸ್ತೇನಿ. ಸಂಜಿ ಪೂಜಿಗೆ ಹಾಲು” ಎಂದಳು. ನೂರು ದಿನದ ತಪ್ಪು ಬಟ್ಟಲು ತೊಳೆಯುವಷ್ಟರಲ್ಲಿ ಸರಿಯಾಯಿತು. ನನ್ನ ಯಾವ ಕಾಲಮ್ಮೂ ಅದರಲ್ಲಿ ಭಾಗವಹಿಸಲಿಲ್ಲ.

ಸೋಮವಾರ ಡಾಕ್ಟರ ಬಳಿ ಹೋಗಿ ಒಪ್ಪಿಕೊಂಡೆವು. ಅವರು ನನ್ನ ನೋಟ್‌ಬುಕ್ಕಿನತ್ತ ಒಂದು ಸಲ ನೋಡಿದರು, ತೆರೆಯಲಿಲ್ಲ. ನೂರರ ಗುಳಿಗೆ ಬೇಡ, ಪೂರಾ ರಕ್ತಕ್ಕೆ ಸೇರತೊಡಗಿದರೆ ಅದು ಹೆಚ್ಚಾದೀತು, ಎಪ್ಪತ್ತೈದೇ ಇರಲಿ, ಆದರೆ ಬರೀ ನೀರಿನಲ್ಲಿ ಎಂದರು. ಎಲೆಕೋಸು, ಶೇಂಗಾ ಬೇಯಿಸಿ ಹುರಿದು ಹಿತಮಿತವಾಗಿ ತಿಂದರೆ ಅಡ್ಡಿಯಿಲ್ಲ, ಉಪ್ಪು ಮೊದಲಿನದೇ ಬಳಸಿ ಎಂದರು. ಜನವರಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಅವತ್ತು ಸಂಜೆ ಅಪ್ಪ ನಮ್ಮ ಮನೆಯಲ್ಲೇ ಪೇಪರ್ ಓದಿದರು.

ಮೇ ೨೬, ಸೋಮವಾರ. ಶಾಲೆ ತೆರೆಯಲು ಮೂರು ದಿನ ಇರುವಾಗ ರಕ್ತ ಕೊಟ್ಟೆವು. ಸಂಜೆ ವರದಿ ಬಂತು: ೪.೩. ಅವ್ವ ಅದನ್ನು ಮೂರು ಸಲ ಓದಿದಳು, ವಿದ್ಯಾರ್ಥಿಯ ಪೇಪರಿನಲ್ಲಿ ಅಂಕ ಕೂಡಿಸಿದ್ದು ಸರಿಯಿದೆಯೋ ಎಂದು ನೋಡುವವರ ಹಾಗೆ. ಶಾಲೆಯ ಮೊದಲ ದಿನ ಅರ್ಜಿಯನ್ನು ಕೊಡಲಿಲ್ಲ. ಹರಿಯಲೂ ಇಲ್ಲ.

“ಆಗಸ್ಟಿಗೆ ಮತ್ತೊಮ್ಮಿ ನೋಡೂಣು,” ಅಂದಳು. “ಈಗಿಂದು ಸೂಟಿ ರಕ್ತ. ಸಾಲಿ ರಕ್ತ ಹ್ಯಾಂಗ ಬರತೈತಿ ಯಾರಿಗೆ ಗೊತ್ತು?”

ಇದು ನನಗಿಂತ ಚೆನ್ನಾಗಿ ಲೆಕ್ಕ ಗೊತ್ತಿರುವವರ ಮಾತು. ಆ ಐದು ವಾರದಲ್ಲಿ ಹಾಲು ನಿಂತಿತ್ತು, ಉಪ್ಪು ಬದಲಾಗಿತ್ತು, ಶಾಲೆ ಇರಲಿಲ್ಲ, ಮಧ್ಯಾಹ್ನ ಮಲಗಲು ಸಿಗುತ್ತಿತ್ತು, ನಾನು ಬೆನ್ನು ಹತ್ತುವುದನ್ನೂ ಬಿಟ್ಟಿದ್ದೆ. ಒಂದೇ ಸಲ ಐದು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗದು. ಜೂನ್ ತಿಂಗಳ ಇಪ್ಪತ್ತು ಕೆಲಸದ ದಿನಗಳಲ್ಲಿ ಅವಳು ಮಧ್ಯಾಹ್ನ ದಣಿದದ್ದು ಏಳು ದಿನ; ತರಗತಿಯಲ್ಲಿ ನಿದ್ದೆ ಹತ್ತಿದ್ದು ಒಂದು ದಿನವೂ ಇಲ್ಲ. ದಣಿವು ಎಲ್ಲವೂ ಥೈರಾಯ್ಡಿನದಲ್ಲ, ಐವತ್ತೇಳು ವರ್ಷ ಎಂಬುದೂ ಒಂದಿದೆ ಎಂದು ಡಾಕ್ಟರು ಹೇಳಿದ್ದಾರೆ.

ಈಗ ಎದುರಿಗೆ ಶ್ರಾವಣ. ಶ್ರಾವಣದ ನಾಲ್ಕು ಸೋಮವಾರ ಅವ್ವ ಊಟ ಬಿಡುತ್ತಾಳೆ. ಬೆಳಗ್ಗೆಯಿಂದ ಸಂಜೆಯ ತನಕ ಹಾಲು, ಹಣ್ಣು, ಅಷ್ಟೇ. ಆಗಸ್ಟಿನ ರಕ್ತಪರೀಕ್ಷೆ ಅದರ ಬೆನ್ನಿಗೇ ಬರುತ್ತದೆ, ಅರ್ಜಿಯ ತೀರ್ಮಾನ ಆ ಪರೀಕ್ಷೆಯ ಮೇಲೆ ನಿಂತಿದೆ. ಡಾಕ್ಟರನ್ನು ಕೇಳಿದೆ, ಗುಳಿಗೆ ನೀರಿನಲ್ಲಿ ನುಂಗಿ, ಹಾಲಿಗೆ ನಾಲ್ಕು ತಾಸು ಅಂತರ ಬಿಟ್ಟರೆ ಒಳ್ಳೆಯದು ಎಂದರು. ಹೇಳುವುದು ಸುಲಭ. ಉಪವಾಸದ ದಿನ ಬೆಳಗಿನ ಹಾಲನ್ನೂ ತಪ್ಪಿಸಿ ಹನ್ನೊಂದರ ತನಕ ಬರೀ ನೀರು, ಹಣ್ಣಿನ ಮೇಲೆ ಮೂರನೆಯ ತರಗತಿಯ ಎದುರು ನಿಲ್ಲುವುದು ಹೇಗೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದೊಡ್ಡವ್ವನನ್ನು ಕೇಳಿದರೆ ಆಕೆ ಉಪವಾಸವನ್ನೇ ನಿನ್ನೆಯ ಲೆಕ್ಕಕ್ಕೆ ಹಾಕುತ್ತಾಳೆ.

ಪೂಜೆ, ವ್ರತ, ಉಪವಾಸ ಬಿಡದೆ ಈ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರು ನಿಮ್ಮಲ್ಲಿ ಬೇಕಾದಷ್ಟು ಜನ ಇರಬೇಕು. ನೀವು ಆ ದಿನಗಳನ್ನು ಹೇಗೆ ಹೊಂದಿಸುತ್ತೀರಿ, ದಯವಿಟ್ಟು ಬರೆದು ತಿಳಿಸಿ. ಎದ್ದದ್ದು ಎಷ್ಟಕ್ಕೆ, ನುಂಗಿದ್ದು ಎಷ್ಟಕ್ಕೆ, ಮೊದಲ ಗುಟುಕು ಹಾಲು ಎಷ್ಟಕ್ಕೆ ಎಂದು ಸಮಯ ಸಮೇತ ಬರೆದರೆ ಒಳ್ಳೆಯದು. ನೀವೇ ಕಣ್ಣಾರೆ ನೋಡಿದ್ದೋ, ಒಳಗಿನ ಕೋಣೆಯಿಂದ ಕೂಗಿ ಹೇಳಿದ್ದನ್ನು ನಂಬಿದ್ದೋ ಎಂಬುದನ್ನೂ ಬರೆಯಿರಿ.